ಮೈದುನನ ಬೈಕೂ ನನ್ನ ಕೂಲೆಂಟೂ

ಕೆಲವರಿಗೆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಉತ್ತರ ತಾನಾಗಿ ಬಾಯಿಗೆ ಬಂದುಬಿಡುತ್ತದೆ. ನಾನು ಆ ಪೈಕಿ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿ ಕಲಿಸಿ ಹತ್ತಿದ ಚಟ ಇದು. ಸಿದ್ಧಕಟ್ಟೆಯ ನಮ್ಮ ನೆರೆಕರೆಯವರಿಗೂ ಇದು ಚೆನ್ನಾಗಿ ಗೊತ್ತು. ಬಾವಿ ನೀರು ತುಂಬಿಸಿದ ಬಾಲ್ದಿ ಯಾಕೆ ಕೆಂಪಾಗುತ್ತದೆ, ಉಪ್ಪಿನಕಾಯಿಗೆ ಯಾಕೆ ಬೂಷ್ಟು ಬರುತ್ತದೆ, ತಲೆಗೆ ಹಚ್ಚುವ ಬಣ್ಣ ಯಾಕೆ ತುರಿಸುತ್ತದೆ, ಎಲ್ಲದಕ್ಕೂ ನಮ್ಮ ಜಗಲಿಯೇ ಕೋರ್ಟು. ಒಮ್ಮೆ ಒಬ್ಬರು ತಮ್ಮ ದನ ಹಾಲು ಕಡಿಮೆ ಮಾಡಿದ್ದು ಯಾಕೆಂದು ಕೇಳಿದರು. ದನಕ್ಕೂ ನನಗೂ ಏನು ಸಂಬಂಧ ಎನ್ನಬಹುದಿತ್ತು. ಎನ್ನಲಿಲ್ಲ, ಕ್ಯಾಲ್ಸಿಯಂ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅವರು ತಾಳ್ಮೆಯಿಂದ ಕೇಳಿ, ಮರುದಿನ ದನದ ಡಾಕ್ಟರನ್ನು ಕರೆಸಿದರಂತೆ.

ಇಂಥ ನನ್ನ ಮೇಲೆ ಮನೆಯಲ್ಲಿ ಪೂರ್ತಿ ಭರವಸೆ ಇಟ್ಟವನು ಒಬ್ಬನೇ, ನನ್ನ ಮೈದುನ ಹರೀಶ. ಬೆಳ್ತಂಗಡಿಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಅವನು, ಮನೆಗೊಂದರಂತೆ ಮೊಬೈಲು ಬರತೊಡಗಿದ್ದ ಆ ಕಾಲದಲ್ಲಿ, ಎಂಜಿನ್ ತಣ್ಣಗಿಡಲು ನೀರು ತುಂಬಿಸುವ ರೇಡಿಯೇಟರ್ ಇರುವ ಬೈಕೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದ. ನಮ್ಮ ಕಡೆ ಅಂಥದ್ದು ಅದೇ ಮೊದಲು. ಊರವರು ಬಂದು ಬಗ್ಗಿ ನೋಡಿ, "ಇದಕ್ಕೂ ನೀರು ಕುಡಿಸ್ಲಿಕ್ಕೆ ಉಂಟಾ ಮಾರಾಯ?" ಎಂದು ಕೇಳಿ ಹೋಗುತ್ತಿದ್ದರು. ಒಂದು ದಿನ ಅದು ಬುಸ್ಸೆಂದು ಹಬೆ ಬಿಟ್ಟಾಗ ನಮ್ಮ ಅತ್ತೆ ಒಳಗಿನಿಂದಲೇ ರೋಗ ಪತ್ತೆ ಮಾಡಿದರು. "ಅದಕ್ಕೆ ಉಷ್ಣ ಆಗಿದೆ. ಲಾವಂಚ ಹಾಕಿ ಕುದಿಸಿದ ನೀರು ಉಂಟು, ಆರಿದ ಮೇಲೆ ಅದನ್ನೇ ಹೊಯ್ಯಿ ಮಗ." ಅವನು ಹೊಯ್ಯಲೂ ಹೊರಟಿದ್ದ. ನಾನು ತಡೆದೆ. ಆ ಒಂದು ಉಪಕಾರವನ್ನಾದರೂ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.

ಹರೀಶನಿಗೆ ಒಂದು ಆಸೆಯಿತ್ತು. ತಮಿಳುನಾಡಿನಲ್ಲಿ ಬೈಕುಗಳಿಗೆಂದೇ ಇರುವ ರೇಸ್ ಟ್ರ್ಯಾಕಿನಲ್ಲಿ, ಎದುರಿನಿಂದ ಬಸ್ಸು ಬಾರದ, ಅಡ್ಡಕ್ಕೆ ದನ ಮಲಗದ ರಸ್ತೆಯಲ್ಲಿ, ಒಂದು ದಿನ ಮನಸ್ಸು ತುಂಬುವಷ್ಟು ಓಡಿಸಬೇಕು. ಎರಡು ವರ್ಷ ಕಾದ ಮೇಲೆ ಅವಕಾಶ ಸಿಕ್ಕಿತು. ಹೊರಡುವ ಮೊದಲು ಬೈಕನ್ನು ಮೆಲ್ಕಾರಿನ ಹಸನಬ್ಬರ ಗ್ಯಾರೇಜಿಗೆ ಒಯ್ದ. ಕಾಲೇಜಿಗೆ ರಜೆಯಿತ್ತು, ನಾನೂ ಹಿಂದೆ ಕೂತು ಹೋದೆ. ಹೋಗದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಹಸನಬ್ಬರು ಗಲ್ಫಿನಲ್ಲಿ ಹದಿನಾರು ವರ್ಷ ಗಾಡಿ ರಿಪೇರಿ ಮಾಡಿ ಬಂದವರು. ಮಾತು ಕಡಿಮೆ. "ರೋಡಿಗೆ ಈ ಹಸಿರು ಕೂಲೆಂಟೇ ಆಗ್ಬೇಕು, ಇಲ್ಲದಿದ್ರೆ ಒಳಗೆ ತುಕ್ಕು ಹಿಡೀತದೆ. ರೇಸಿಗೆ ಒಂದು ದಿನದ ಮಟ್ಟಿಗೆ ಬರೀ ನೀರು ಹಾಕುವ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್," ಎಂದರು. ಬರೀ ನೀರು! ನನ್ನ ಮೈಯಲ್ಲಿ ಲೆಕ್ಚರರ್ ಎದ್ದು ಕೂತಳು. ಕೂಲೆಂಟಿನಲ್ಲಿರುವುದು ಗ್ಲೈಕಾಲ್, ಅದು ಸೇರಿದರೆ ನೀರು ನೂರು ಡಿಗ್ರಿಗೂ ಕುದಿಯುವುದಿಲ್ಲ, ರೇಸಿನಲ್ಲಿ ಎಂಜಿನ್ ಇನ್ನೂ ಬಿಸಿ, ಹಾಗಾಗಿ ಅಲ್ಲಿಗೆ ಇನ್ನೂ ಹೆಚ್ಚು ಬೇಕು ಎಂದು ಗ್ಯಾರೇಜಿನ ನೆಲದ ಮೇಲೆ ಚಾಕ್ ಇಲ್ಲದೆಯೇ ಪಾಠ ಮಾಡಿದೆ. ಹಸನಬ್ಬರು ಕೈ ಒರೆಸುತ್ತ ಪೂರ್ತಿ ಕೇಳಿದರು. "ಅದೆಲ್ಲ ಸರಿ ಮೇಡಂ. ಆದ್ರೆ ಬಿದ್ರೆ?" ಎಂದರು. "ಬೀಳುವುದು ಯಾಕೆ? ಬೀಳದ ಹಾಗೆ ಓಡಿಸ್ತಾನೆ," ಎಂದು ನಾನು ಬಾಯಿ ಮುಚ್ಚಿಸಿದೆ. ಹರೀಶ ಇಬ್ಬರ ಮುಖವನ್ನೂ ನೋಡಿ, "ಅತ್ತಿಗೆ ಹೇಳಿದ ಹಾಗೇ ಮಾಡುವ," ಎಂದ. ಅವನ ಆ ನಂಬಿಕೆಗೆ ನಾನು ಉಬ್ಬಿಹೋದೆ. ವಾಪಸು ಬರುವಾಗ, "ಲಾರಿ ಬಿಚ್ಚಿ ಜೋಡಿಸಿದವರಿಗೆ ಕೆಮಿಸ್ಟ್ರಿ ಎಲ್ಲಿಂದ ಬರಬೇಕು," ಎಂದೂ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದಾಗ ಟ್ರ್ಯಾಕಿನಿಂದ ಫೋನು ಬಂತು. ಹರೀಶನ ಸ್ವರ ಸಣ್ಣದಾಗಿತ್ತು. "ಅತ್ತಿಗೆ, ಒಳಗೆ ಬಿಡುವುದಿಲ್ಲ ಅಂತೆ. ಇಲ್ಲಿ ಗಾಡಿ ಚೆಕ್ ಮಾಡುವ ಇನ್‌ಸ್ಪೆಕ್ಟರ್ ರೇಡಿಯೇಟರಿಗೆ ಬೆರಳು ಅದ್ದಿ ತಿಕ್ಕಿ ನೋಡಿದ್ರು. ಎಲ್ಲ ಚೆಲ್ಲಿ ಬಾ ಅಂತಾರೆ." ನನಗೆ ಸಿಟ್ಟು ನೆತ್ತಿಗೇರಿತು. "ಕೊಡು ಅವರಿಗೆ ಫೋನು," ಎಂದೆ. ದೋಸೆ ಕರಟಿದರೆ ಕರಟಲಿ. ಮುನ್ನೂರು ಮೈಲಿ ಆಚೆಯ, ಮುಖ ನೋಡದ ಆ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಅದೇ ಪಾಠ ಮೊದಲಿನಿಂದ ಶುರು ಮಾಡಿದೆ. ಅವರು ಮರ್ಯಾದಸ್ಥರು, ಮಧ್ಯೆ ಬಾಯಿ ಹಾಕಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದೇ ಪ್ರಶ್ನೆ ಕೇಳಿದರು: "ಮೇಡಂ, ಯಾರಾದರೂ ಬಿದ್ದು ಇದು ನೆಲಕ್ಕೆ ಚೆಲ್ಲಿದರೆ, ಒಣಗುವುದಕ್ಕೆ ಎಷ್ಟು ಹೊತ್ತು ಬೇಕು?"

ನನಗೆ ಉತ್ತರ ಗೊತ್ತಿತ್ತು, ಅದೇ ಕಷ್ಟ. ಸುಲಭಕ್ಕೆ ಕುದಿಯದ್ದು ಸುಲಭಕ್ಕೆ ಆವಿಯಾಗುವುದೂ ಇಲ್ಲ. ಎಂಜಿನ್ನಿನೊಳಗೆ ಅದರ ಯಾವ ಗುಣವನ್ನು ಹೊಗಳುತ್ತಿದ್ದೆನೋ, ನೆಲಕ್ಕೆ ಬಿದ್ದಾಗಲೂ ಅದೇ ಗುಣ. ಒಣಗದೆ, ಎಣ್ಣೆಯ ಹಾಗೆ ಜಾರುತ್ತ, ಹಿಂದೆ ಬರುವವನಿಗಾಗಿ ಅಲ್ಲೇ ಕಾದಿರುತ್ತದೆ. ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದ ಸಾಲು ಇದು. ಬರೆಯುವಾಗ ಕಣ್ಣ ಮುಂದೆ ಇರುತ್ತಿದ್ದುದು ಗಾಜಿನ ಫ್ಲಾಸ್ಕು. ನೂರರ ವೇಗದಲ್ಲಿ ಬರುವ ಯಾರದೋ ಮನೆಯ ಹುಡುಗ ಅಲ್ಲ. "ಚೆಲ್ಲಿಸಿಬಿಡಿ ಸರ್," ಎಂದೆ.

ಚೆಲ್ಲಿ, ಮೂರು ಸಲ ತೊಳೆದು, ನೀರು ತುಂಬಿಸಿ, ಮತ್ತೆ ಸಾಲಿನಲ್ಲಿ ನಿಂತು, ಹರೀಶನಿಗೆ ಸಿಕ್ಕಿದ್ದು ಸಂಜೆಯ ಹದಿನೈದೇ ನಿಮಿಷ. ಎರಡು ವರ್ಷ ಕಾದದ್ದಕ್ಕೆ ಹದಿನೈದು ನಿಮಿಷ. ಊರಿಗೆ ಬಂದು ಅವನು ರಸ್ತೆಗೆ ಹಸಿರು ಕೂಲೆಂಟ್ ಹಾಕಿಸಲು ಮತ್ತೆ ಮೆಲ್ಕಾರಿಗೆ ಹೊರಟಾಗ ಕರೆಯದೆಯೇ ನಾನೂ ಹೊರಟೆ. ಹಸನಬ್ಬರ ಹತ್ತಿರ ತಪ್ಪಾಯಿತು ಎನ್ನಬೇಕಿತ್ತು. ದಾರಿಯುದ್ದಕ್ಕೂ ಅದಕ್ಕೆ ಒಳ್ಳೆಯ ವಾಕ್ಯ ಕಟ್ಟುತ್ತಾ ಹೋದೆ, ಒಂದೂ ಸರಿಬರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಹಸನಬ್ಬರು ಕೇಳಿದರು, "ಬಿದ್ದಿಯಾ ಹರೀಶ?"

"ಇಲ್ಲ ಹಸನಬ್ಬ ಬ್ಯಾರಿಗಳೇ. ನನ್ನ ಮುಂದೆ ಹೋಗ್ತಿದ್ದವನು ಬಿದ್ದ. ತಿರುವಿನಲ್ಲಿ ರೇಡಿಯೇಟರ್ ಒಡೆದು ಪೂರಾ ರಸ್ತೆಗೆ ಚೆಲ್ಲಿತು. ಬ್ರೇಕ್ ಹಾಕ್ಲಿಕ್ಕೆ ಜಾಗ ಇರ್ಲಿಲ್ಲ, ನಾನು ಅದರ ಮೇಲೆಯೇ ಹೋದೆ. ಬೈಕು ಒಮ್ಮೆ ಅಲುಗಾಡಿತು, ಅಷ್ಟೆ. ಬರೀ ನೀರಲ್ವಾ."

ಇದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ನಾನು ಅಲ್ಲಿದ್ದ ಹಳೆಯ ಟಯರಿನ ಮೇಲೆ ಕೂತುಬಿಟ್ಟೆ. ಹಸನಬ್ಬರು ನನ್ನ ಕಡೆ ತಿರುಗಲೂ ಇಲ್ಲ. ಬಗ್ಗಿ ಕೂಲೆಂಟ್ ಹೊಯ್ಯುತ್ತಲೇ ಇದ್ದರು. ನಾನು ಅಂದೇ ಹೇಳಿರಲಿಲ್ಲವಾ ಎಂದು ಚುಚ್ಚದ ಆ ಮರ್ಯಾದೆಯನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟ. ನಾನು ಮಾತ್ರ ಮುಂದೆ ಬಿದ್ದ ಆ ಹುಡುಗನ ಬಗ್ಗೆಯೇ ಯೋಚಿಸುತ್ತಿದ್ದೆ. ಅವನು ಯಾರೋ, ಯಾವ ಊರೋ, ನೀರೇ ಹಾಕು ಎಂದು ಅವನಿಗೆ ಹೇಳಿದ ಪುಣ್ಯಾತ್ಮರು ಯಾರೋ. ಅವನ ಮನೆಯಲ್ಲಿ ಕೆಮಿಸ್ಟ್ರಿ ಕಲಿತ ಅತ್ತಿಗೆ ಇರಲಿಲ್ಲ ಎಂಬುದಂತೂ ಖಂಡಿತ.