ಶುಂಠಿ ಜಜ್ಜುವ ಪುರಾತನ ವಸ್ತು

ನನಗೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ ಕಣ್ರೀ. ಇದನ್ನು ಬುದ್ಧಿವಂತಿಕೆ ಎಂದು ಹೇಳಿಕೊಂಡು ತಿರುಗಿದ ಕಾಲವೂ ಇತ್ತು. ಈಗ ಇದೊಂದು ಕಾಯಿಲೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಕಲ್ಲಂಗಡಿಯವನು ಸಿಹಿ ಇದೆ ಸಾರ್ ಎಂದು ಒಂದು ತುಂಡು ಕೊಯ್ದು ಕೊಟ್ಟರೆ ತಿನ್ನುತ್ತೇನೆ. ಸಿಹಿಯಾಗಿದ್ದರೆ, ಆ ತುಂಡು ಮಾತ್ರ ಸಿಹಿಯಿರಬೇಕು ಎಂಬ ಅನುಮಾನ ಶುರುವಾಗುತ್ತದೆ.

ತಪ್ಪು ನನ್ನದಲ್ಲ, ಪೀಣ್ಯದ್ದು. ಅಲ್ಲಿನ ಒಂದು ಕಾರ್ಖಾನೆಗೆ ನಾನು ಮೀಸೆ ಮೂಡುವ ವಯಸ್ಸಿನಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲಲು ಸೇರಿದವನು, ಮೀಸೆ ಬೆಳ್ಳಗಾಗುವ ಹೊತ್ತಿಗೆ ಕ್ವಾಲಿಟಿ ವಿಭಾಗಕ್ಕೆ ಬಂದೆ. ಅಲ್ಲಿ ಯಾವ ವಸ್ತುವನ್ನೂ ಮುಖ ನೋಡಿ ನಂಬುವ ಪದ್ಧತಿಯಿಲ್ಲ. ಅಳೆಯಬೇಕು, ಇನ್ನೊಬ್ಬ ಅಳೆಯಬೇಕು, ಇಬ್ಬರ ಅಳತೆಯೂ ಕೂಡಬೇಕು. ಕೂಡದಿದ್ದರೆ ಬ್ರಶ್ಶು ಅದ್ದಿ ಅದರ ನೆತ್ತಿಗೆ ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯುತ್ತೇವೆ. ಕೆಂಪು ಬಿತ್ತು ಎಂದರೆ ರಿಜೆಕ್ಟ್. ಆಮೇಲೆ ಯಾವ ದೇವರು ಬಂದು ಶಿಫಾರಸು ಮಾಡಿದರೂ ಅದು ಪಾಸಾಗುವುದಿಲ್ಲ.

ಇಂಥ ನನ್ನನ್ನು ನನ್ನ ಹೆಂಡತಿ ಮಂಜುಳ ಟೀವಿಯ ನಿಧಿ ಹುಡುಕುವ ಕಾರ್ಯಕ್ರಮದ ಮುಂದೆ ಕೂರಿಸಿದಳು. ಜೇಬು ಜಾಸ್ತಿಯಿರುವ ಕೋಟು ತೊಟ್ಟ ನಾಲ್ಕು ಜನ ಯಾವುದೋ ಪಾಳು ಕೋಟೆಯಲ್ಲಿ ಕುಂಯ್‌ಗುಡುವ ಮಷೀನು ಹಿಡಿದು ಅಲೆಯುತ್ತಾರೆ. ಅದು ಕುಂಯ್ ಅಂದಲ್ಲಿ ಅಗೆಯುತ್ತಾರೆ. ಮೊದಲ ಗುದ್ದಲಿ ಏಟಿಗೇ ನಮಗೆ ಗುಂಡಿಯ ಒಳಗಿನಿಂದ ಅವರ ಮುಖ ಕಾಣುತ್ತದೆ. ಹಾಗಾದರೆ ನಿಧಿಗಿಂತ ಮೊದಲೇ ಕ್ಯಾಮೆರಾದವನನ್ನು ಅಲ್ಲಿ ಹೂತಿದ್ದರೇ? ಏನೋ ಹೊಳೆಯಿತು ಎನ್ನುವಷ್ಟರಲ್ಲಿ ಸೋಪಿನ ಜಾಹೀರಾತು. ಅದು ಮುಗಿದರೆ ಬಿಳಿ ಗ್ಲೌಸಿನ ಎಕ್ಸ್‌ಪರ್ಟು. ಆತ ವಸ್ತುವನ್ನು ಅಂಗೈಯಲ್ಲಿ ತೂಗಿ, ಕಣ್ಣು ಮುಚ್ಚಿ, ಇದು ರಾಜಮನೆತನಕ್ಕೆ ಸೇರಿದ್ದಿರಬಹುದು ಎನ್ನುತ್ತಾನೆ. ಇರಬಹುದು! ಹಾಗೆ ನೋಡಿದರೆ ನಾನೂ ರಾಜಮನೆತನಕ್ಕೆ ಸೇರಿದವನಿರಬಹುದು. ಅಳೆಯಲು ವರ್ನಿಯರ್ ಇಲ್ಲ, ಗೇಜ್ ಇಲ್ಲ, ಎರಡನೆಯವನ ಸಹಿಯಿಲ್ಲ. ನಮ್ಮಲ್ಲಿ ಒಂದು ನಟ್ಟು ಪಾಸಾಗಲು ಬೇಕಾದ ತನಿಖೆ ಅಲ್ಲಿ ಒಂದು ಸಾಮ್ರಾಜ್ಯಕ್ಕೂ ಬೇಕಿರಲಿಲ್ಲ. ಇದನ್ನೆಲ್ಲ ನಾನು ವಾರವಾರವೂ ಪೋಸ್ಟು ಹಾಕುತ್ತಿದ್ದೆ. ಜನ ಲೈಕು ಒತ್ತುತ್ತಿದ್ದರು. ಅನುಮಾನಕ್ಕೆ ಇಷ್ಟು ಮರ್ಯಾದೆ ಇದೆ ಎಂದು ಮೊದಲೇ ಗೊತ್ತಿದ್ದರೆ ಕಾರ್ಖಾನೆಯಲ್ಲಿ ಅದನ್ನು ಅಷ್ಟೊಂದು ಖರ್ಚು ಮಾಡುತ್ತಿರಲಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಮಂಜುಳಳ ಬಳಿ ಅವಳ ಅಜ್ಜಿ ಕೊಟ್ಟ ಹಿತ್ತಾಳೆಯ ಗಿಂಡಿಯೊಂದಿದೆ. ಹಿಂದೆ ಯಾವುದೋ ಕಾಲದಲ್ಲಿ ದಾರಿಯಲ್ಲಿ ಹೊರಟಿದ್ದ ಪಾಳೇಗಾರನೊಬ್ಬ ಅವರ ಮನೆಯ ಮುಂದೆ ನೀರು ಕೇಳಿ ಕುಡಿದು, ಸಂತೋಷಕ್ಕೆ ತನ್ನ ಗಿಂಡಿಯನ್ನೇ ಕೊಟ್ಟು ಹೋದನಂತೆ. ತಾಯಿಯಿಲ್ಲದ ಮಂಜುಳಳನ್ನು ಸಾಕಿದ ಅಜ್ಜಿ ಹೇಳಿದ ಕತೆ. ಮಂಜುಳಳ ಅಣ್ಣನ ಗೃಹಪ್ರವೇಶದಲ್ಲಿ, ನಾಲ್ಕು ಜನ ನನ್ನ ಪೋಸ್ಟುಗಳನ್ನು ಹೊಗಳುತ್ತಿದ್ದ ಉಮೇದಿನಲ್ಲಿ, ಈ ಕತೆಯನ್ನೂ ಎತ್ತಿಕೊಂಡೆ. ಗಿಂಡಿ ಜೊತೆಗಿದ್ದವನು ನೀರನ್ನೂ ತುಂಬಿಕೊಂಡು ಬರಬಾರದಿತ್ತೇ ಎಂದೆ. ಎಲ್ಲರೂ ನಕ್ಕರು. ಅಂದಿನಿಂದ ಅವಳ ಅತ್ತಿಗೆ ಫೋನು ಮಾಡಿದಾಗಲೆಲ್ಲ ಪಾಳೇಗಾರರು ಚೆನ್ನಾಗಿದ್ದಾರಾ ಎಂದೇ ಮಾತು ಶುರು ಮಾಡುತ್ತಿದ್ದಳು. ಮಂಜುಳ ಗಿಂಡಿಯನ್ನು ದೇವರ ಮುಂದಿನಿಂದ ತೆಗೆದು ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟಳು. ಒಂದೇ ಮಾತು ಹೇಳಿದ್ದು.

"ನಮ್ಮಜ್ಜಿ ಸುಳ್ಳಿ ಅಂತ ಊರಿಗೆಲ್ಲ ಹೇಳ್ದಂಗಾಯ್ತು ನೋಡಿ."

ಅಷ್ಟರಲ್ಲಿ ಅದೇ ಕಾರ್ಯಕ್ರಮದವರು ನಿಮ್ಮ ಮನೆಯ ಹಳೆಯ ವಸ್ತು ತನ್ನಿ, ನಮ್ಮ ಎಕ್ಸ್‌ಪರ್ಟ್ ಅದರ ಜಾತಕ ಹೇಳುತ್ತಾರೆ ಎಂದು ವೈಟ್‌ಫೀಲ್ಡಿನ ಮಾಲ್ ಒಂದರಲ್ಲಿ ಶಿಬಿರ ಇಟ್ಟರು. ಮಂಜುಳ ಗಿಂಡಿ ಹೊರಗೆ ತೆಗೆದಳು. ಅಜ್ಜಿಯ ಮಾತು ನಿಜವೆಂದು ಟೀವಿಯಲ್ಲಿ ಬಂದುಬಿಟ್ಟರೆ ಅತ್ತಿಗೆಯ ಬಾಯಿ ತಾನಾಗಿ ಮುಚ್ಚುತ್ತದೆ ಎಂಬುದು ಅವಳ ಆಸೆ. ನಾನು ತಕ್ಷಣ ಒಪ್ಪಿದೆ. ನನ್ನ ಆಸೆ ಬೇರೆ ಇತ್ತು.

ನಮ್ಮ ಅಡುಗೆಮನೆಯಲ್ಲಿ ಒಂದು ಗನ್‌ಮೆಟಲ್ ಬುಷ್ ಇದೆ. ಬುಷ್ ಎಂದರೆ ಮಷೀನಿನ ದಂಡ ತಿರುಗಲು ಹಾಕುವ ದಪ್ಪನೆಯ ಲೋಹದ ಬಳೆ. ಎಣ್ಣೆ ಹರಿಯಲು ಒಳಗೊಂದು ಗೀರು ಇರುತ್ತದೆ. ನಾನು ಲೇತಿನಲ್ಲಿ ಒಬ್ಬನೇ ನಿಂತು ಮಾಡಿದ ಮೊಟ್ಟಮೊದಲ ಬುಷ್ ಅದು. ಗೀರು ಸೊಟ್ಟಗೆ ಹೋಯಿತು. ಆಗಿನ ಇನ್‌ಸ್ಪೆಕ್ಟರ್ ಗೋಪಾಲಯ್ಯ, ತುಂಬಾ ಬಿಗಿ ಮನುಷ್ಯ, ಅದನ್ನು ಅಳೆಯುವ ಕಷ್ಟವನ್ನೂ ತೆಗೆದುಕೊಳ್ಳದೆ ಕೆಂಪು ಬಳಿದರು. ಮೊದಲ ಮಗು ಎಂಬ ಮೋಹಕ್ಕೆ ಕೇಳಿಕೊಂಡು ಮನೆಗೆ ತಂದಿದ್ದೆ. ಮಂಜುಳ ಬಂದ ಮೇಲೆ ಚಹಾಕ್ಕೆ ಶುಂಠಿ ಜಜ್ಜಲು ಇಟ್ಟುಕೊಂಡಳು. ವರ್ಷಗಟ್ಟಲೆ ಶುಂಠಿ ರಸ ಕುಡಿದು ಅದು ಹಸಿರು ಮಿಶ್ರಿತ ಕಪ್ಪಿಗೆ ತಿರುಗಿತ್ತು. ಅದನ್ನೂ ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡೆ. ಎಕ್ಸ್‌ಪರ್ಟು ಇದಕ್ಕೊಂದು ರಾಜವಂಶ ಅಂಟಿಸಬೇಕು, ಕ್ಯಾಮೆರಾ ಮುಂದೆಯೇ ನಾನು ಬಣ್ಣ ಬಯಲು ಮಾಡಬೇಕು, ಲೈಕುಗಳು ಸುರಿಯಬೇಕು.

ಊರಿನ ಈ ತುದಿಯ ಪೀಣ್ಯದಿಂದ ಆ ತುದಿಯ ವೈಟ್‌ಫೀಲ್ಡಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಗೊತ್ತಲ್ಲ. ಕುಂದಲಹಳ್ಳಿ ಗೇಟಿನ ಹೊತ್ತಿಗೆ ಗಿಂಡಿ ಇನ್ನೂ ಕೆಲವು ವರ್ಷ ಹಳೆಯದಾಗಿತ್ತು, ನಾವೂ. ಮಾಲಿನಲ್ಲಿ ದೊಡ್ಡ ಸಾಲು. ನಮ್ಮ ಮುಂದೆ ಅಲ್ಲಿನ ಮೂಲ ಊರಿನವರೊಬ್ಬರು, ಕತ್ತಿನಲ್ಲಿ ದಪ್ಪ ಚೈನು, ಕಂಕುಳಲ್ಲಿ ಒಂದು ಗುಂಡುಕಲ್ಲು. ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ನಮ್ ಒಲ್ದಲ್ಲಿ ಸಾ. ಈಗ ಒಲ ಇಲ್ಲ, ಅದ್ರ ಮ್ಯಾಲೆ ಪೀಜಿ ಬಿಲ್ಡಿಂಗ್ ಐತೆ. ಇದು ಪಾಯ ತೆಗ್ಯುವಾಗ ಎದ್ದಿದ್ದು. ನೋಡೋವ, ಏನಾದ್ರೂ ಅಂದಾರು."

ಎಕ್ಸ್‌ಪರ್ಟು ಅದನ್ನು ಶಿಲಾಯುಗಕ್ಕೆ ಸೇರಿಸಿದ. ಕಲ್ಲಿನ ವಿಷಯದಲ್ಲಿ ಅದೊಂದು ಸೇಫಾದ ಮಾತು.

ನಮ್ಮ ಸರದಿ ಬಂತು. ಮಂಜುಳ ಬಟ್ಟೆ ಬಿಚ್ಚಿ ಗಿಂಡಿಯನ್ನು ಎರಡೂ ಕೈಯಲ್ಲಿ ಕೊಟ್ಟು ಪಾಳೇಗಾರನ ಕತೆ ಹೇಳಿದಳು. ಆತ ಕತೆಯನ್ನು ಪೂರ್ತಿ ಕೇಳಲಿಲ್ಲ. ಗಿಂಡಿಯ ತಳ ತಿರುಗಿಸಿ, ಇದು ಅಚ್ಚಿನ ಮಾಲು, ಈಚಿನದು, ಸಂತೆಯಲ್ಲಿ ಕೊಂಡದ್ದಿರಬಹುದು ಎಂದು ಪಕ್ಕಕ್ಕಿಟ್ಟ. ಅವಳ ಮುಖ ನೋಡಲಾಗಲಿಲ್ಲ. ಸೆರಗಿನ ತುದಿಯಿಂದ ಗಿಂಡಿಯನ್ನು ಒರೆಸುತ್ತ ನಿಂತಳು, ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ನಾನು ಬುಷ್ ತೆಗೆದಿಟ್ಟೆ. ಆತ ಎತ್ತಿಕೊಂಡ, ತೂಗಿದ, ಲೆನ್ಸು ಹಿಡಿದ, ಕುರ್ಚಿಯಲ್ಲಿ ಮುಂದಕ್ಕೆ ಬಂದ. ಕ್ಯಾಮೆರಾದವನಿಗೆ ಹತ್ತಿರ ಬರಲು ಸನ್ನೆ ಮಾಡಿದ. ಯಾವುದೋ ಮಹಾ ದೇಗುಲದ ಧ್ವಜಸ್ತಂಭದ ಭಾಗವಿರಬಹುದು ಎಂದ. ನೆತ್ತಿಯ ಮೇಲೆ ಉಳಿದಿದ್ದ ಕೆಂಪನ್ನು ತೋರಿಸಿ, ತಲೆಮಾರುಗಳ ಕಾಲ ಕುಂಕುಮವಿಟ್ಟು ಪೂಜಿಸಿದ ಗುರುತು ಎಂದ. ನನಗೆ ನಗು ಗಂಟಲವರೆಗೆ ಬಂದಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಆತ ಒಳಗಿನ ಗೀರಿನ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ಈ ಗೆರೆ ನೋಡಿ. ಸ್ವಲ್ಪ ಓರೆಯಾಗಿದೆ. ಇದು ಮಷೀನಿಂದ ಸಾಧ್ಯಾನೇ ಇಲ್ಲ. ಮಹಾನ್ ಕಲಾವಿದನ ಕೈ ಇದು."

ಸತ್ಯ ಹೇಳಲೇ? ನನ್ನ ಬಾಯಿ ಮುಚ್ಚಿಕೊಂಡಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನ ಕೆಲಸದ ಮೇಲೆ ಯಾರೂ ಹೀಗೆ ಬೆರಳಾಡಿಸಿರಲಿಲ್ಲ. ಆಂಕರ್ ಹುಡುಗಿ ಮೈಕು ಚಾಚಿ, ಇದು ನಿಮ್ಮ ವಂಶಕ್ಕೆ ಹೇಗೆ ಬಂತು ಸಾರ್ ಎಂದಳು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ. ಮಂಜುಳ ನನ್ನ ಮುಖ ನೋಡಿದಳು, ಕಾದಳು, ಆಮೇಲೆ ತಾನೇ ಮೈಕಿಗೆ ಬಾಗಿದಳು.

"ಅದು ನಾನು ಶುಂಠಿ ಜಜ್ಜೋದು ಸಾರ್. ಪೀಣ್ಯದಲ್ಲಿ ಇವ್ರೇ ಮಾಡಿದ್ದು. ಸರಿ ಬರ್ಲಿಲ್ಲ ಅಂತ ರಿಜೆಕ್ಟ್ ಆಗಿತ್ತು. ಆ ಕೆಂಪು ಅದ್ರದ್ದೇ."

ಸಾಲಿನಲ್ಲಿದ್ದವರು ಗೊಳ್ಳೆಂದರು. ಎಕ್ಸ್‌ಪರ್ಟು ಮಾತ್ರ ಅಲುಗಲಿಲ್ಲ. ಮನೆಯವರಿಗೆ ತಮ್ಮ ನಿಧಿಯ ಬೆಲೆ ತಿಳಿಯದಿರುವುದು ಸಹಜ ಎಂದ. ಆಂಕರ್, ಮೇಡಂ ತುಂಬಾ ಜೋಕ್ ಮಾಡ್ತಾರೆ ಎನ್ನುತ್ತ ಅವಳನ್ನು ಕ್ಯಾಮೆರಾದಿಂದ ಈಚೆ ನಿಲ್ಲಿಸಿ, ಇನ್ನೊಂದು ಟೇಕ್ ತಗೊಳ್ಳೋಣ, ನೀವು ಸುಮ್ಮನೆ ತಲೆ ಆಡಿಸಿ ಸಾಕು ಎಂದು ನನಗೆ ಹೇಳಿದಳು. ಆಡಿಸಿದೆ. ಚೆನ್ನಾಗಿಯೇ ಆಡಿಸಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಹಾಯಾಗಿ ಕೂತಿದ್ದಳು. ಬೇಜಾರಿಲ್ಲವೇ ಎಂದು ಕೇಳಿದೆ.

"ಯಾಕ್ ಬೇಜಾರು? ನಿಮ್ ಬುಷ್ಷನ್ನೇ ಗುರ್ತು ಹಿಡೀದೋನು ನಮ್ಮಜ್ಜಿ ಗಿಂಡೀನ ಏನ್ ಗುರ್ತು ಹಿಡೀತಾನೆ? ಅವನ ಮಾತು ನಂಬೋದಾದ್ರೆ ಎರಡೂ ನಂಬಿ, ಬಿಡೋದಾದ್ರೆ ಎರಡೂ ಬಿಡಿ."

ಕ್ವಾಲಿಟಿ ವಿಭಾಗದಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಆತ ಸುಳ್ಳಾದರೆ ಗಿಂಡಿ ಪಾಳೇಗಾರನದೇ ಆಗಬಹುದು, ನಾನು ರಿಜೆಕ್ಟ್. ಆತ ನಿಜವಾದರೆ ನಾನು ಮಹಾನ್ ಕಲಾವಿದ, ಅಜ್ಜಿ ಸುಳ್ಳಿ. ಬಸ್ಸು ಇಳಿಯುವವರೆಗೂ ಯೋಚಿಸಿದೆ. ಗಿಂಡಿ ಪಾಳೇಗಾರನದೇ ಎಂದು ಮಂಜುಳಳ ಅತ್ತಿಗೆಗೆ ನಾನೇ ಫೋನು ಮಾಡಿ ಹೇಳಿದೆ. ಅದು ಮತ್ತೆ ದೇವರ ಮುಂದೆ ಬಂತು. ಹೊರಗಿನ ಲೋಕಕ್ಕೆ ಮಾತ್ರ ಎಕ್ಸ್‌ಪರ್ಟನ ಪಕ್ಷವನ್ನೇ ಹಿಡಿದೆ.

ಕಾರ್ಯಕ್ರಮ ಪ್ರಸಾರವಾಯಿತು. ಮಂಜುಳ ಇರಲಿಲ್ಲ, ಗಿಂಡಿಯೂ ಇರಲಿಲ್ಲ. ನಾನು ಮಾತ್ರ ವಂಶದ ಭಾರ ಹೊತ್ತವನಂತೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ, ಹಿಂದೆ ಶಂಖ ಊದುತ್ತಿತ್ತು. ಆ ತುಣುಕನ್ನು ನಾನೇ ಪೋಸ್ಟು ಮಾಡಿದೆ. ನನ್ನ ಹಳೆಯ ಓದುಗರು, ನಾನೇ ಕೈಹಿಡಿದು ಅನುಮಾನ ಕಲಿಸಿದವರು, ಮುಗಿಬಿದ್ದರು. ಅಳತೆ ಎಲ್ಲಿ, ಎರಡನೆಯವನ ಸಹಿ ಎಲ್ಲಿ ಎಂದರು. ಎಲ್ಲವನ್ನೂ ಅನುಮಾನಿಸುವುದು ಒಳ್ಳೆಯದಲ್ಲ, ಕಲೆಗೆ ಬೇರೆಯದೇ ಕಣ್ಣು ಬೇಕು ಎಂದು ಒಬ್ಬೊಬ್ಬರಿಗೂ ತಾಳ್ಮೆಯಿಂದ ಉತ್ತರ ಬರೆದೆ.

ಆಮೇಲೆ ಗುಲಾಬಿ ಹೂವಿನ ಫೋಟೊ ಹಾಕಿಕೊಂಡ ಹೊಸಬರೊಬ್ಬರ ಕಮೆಂಟು ಬಂತು. "ಲೋ, ಆ ಕೆಂಪು ನಾನ್ ಬಳ್ದಿದ್ದು ಕಣೋ. ಗೀರು ಇನ್ನೂ ಸೊಟ್ಟಗೇ ಐತಲ್ಲೋ." ಹೆಸರು ನೋಡಿದೆ. ಗೋಪಾಲಯ್ಯನವರು. ರಿಟೈರಾಗಿ ಎಷ್ಟೋ ಕಾಲವಾದ ಮೇಲೂ, ಟೀವಿಯಲ್ಲಿ ಒಂದು ಗಳಿಗೆ ಕಂಡದ್ದನ್ನು ಗುರುತು ಹಿಡಿದಿದ್ದರು.

ಬ್ಲಾಕ್ ಮಾಡಿದೆ. ಆ ಮನುಷ್ಯ ಅವತ್ತೂ ಅಳೆದು ನೋಡಿರಲಿಲ್ಲ ಕಣ್ರೀ.