ತಿರುಗದ ಎಂಜಿನ್ನು, ಕಾಣದ ಮೇಸ್ತ್ರಿ

ಸಣ್ಣ ಎಂಜಿನ್ ರಿಪೇರಿ ಅಂಗಡಿ ಇಟ್ಟುಕೊಂಡವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಸಾಕು, ನಗು ತಾನಾಗಿ ಆಟೋದಲ್ಲಿ ಬಂದು ಇಳಿಯುತ್ತದೆ. ಅದರಲ್ಲೂ ಜಾಮ್ ಆಗೈತೆ, ಕೈಯಾಗೆ ತಿರುಗಿಸಿದರೂ ತಿರುಗುತ್ತಿಲ್ಲ ಅಂತ ಬರುವ ಎಂಜಿನ್ನುಗಳಿವೆಯಲ್ಲ, ಅವುಗಳ ಹೊಟ್ಟೆಯೊಳಗೆ ಯಾರದೋ ಮನೆಯ ಗುಟ್ಟು ಇದ್ದೇ ಇರುತ್ತದೆ.

ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು. ಐಟಿಐಯಲ್ಲಿ ಮೆಕ್ಯಾನಿಕ್ ಕೆಲಸ ಕಲಿತು, ಮದುವೆಯಾಗಿ ಹೊನ್ನಾಳಿಗೆ ಬಂದೆ. ಮನೆಯ ಮುಂದಿನ ಕೋಣೆ ರಸ್ತೆಗೆ ಮುಖ ಮಾಡಿಕೊಂಡು ಸುಮ್ಮನೆ ಬಿದ್ದಿತ್ತು. ಅಲ್ಲಿ ಅಂಗಡಿ ಹಾಕುತ್ತೇನೆ ಅಂದೆ. ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ ತಕ್ಷಣ ಹೂಂ ಅಂದರು. ಮಾವ ಅನ್ನಲಿಲ್ಲ. ಆ ಕೋಣೆಗೆ ಮೊಬೈಲ್ ಅಂಗಡಿಯವನೊಬ್ಬ ಆಗಲೇ ಬಾಡಿಗೆ ಕೇಳಿ ಹೋಗಿದ್ದ.

"ಬಳೆ ಹಾಕ್ಕಂಡ ಕೈಗೆ ಯಾರವ್ವ ಎಂಜಿನ್ ಕೊಡ್ತಾರೆ?" ಅಂದರು ಮಾವ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ದೀಪಾವಳಿವರೆಗೆ ನೋಡೋಣ, ಜನ ಬಂದರೆ ಅಂಗಡಿ ನಿನ್ನದು, ಬರದಿದ್ದರೆ ಮೊಬೈಲಿನವನದು ಅಂತ ಗಡುವು ಕೊಟ್ಟರು. ಕೊಟ್ಟಿದ್ದಷ್ಟೇ ಅಲ್ಲ, ಅದೇ ದಿನ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಎಣಿಸುವುದಕ್ಕೆ ಕೂತರು.

ಮೊದಲನೆಯ ಗಿರಾಕಿ

ಗಣಪತಿ ಹಬ್ಬ ಮುಗಿದ ಮೇಲೆ ನ್ಯಾಮತಿ ಕಡೆಯವರೊಬ್ಬರು ಹುಲ್ಲು ಹೊಡೆಯುವ ಮಿಷನ್ ಹೆಗಲಿಗೆ ಹಾಕಿಕೊಂಡು ಬಂದರು. ಹಗ್ಗ ಎಳೆದರೆ ಬರುತ್ತಿಲ್ಲ, ಮೇಸ್ತ್ರಿ ಎಲ್ಲಿ ಅಂತ ಕೇಳಿದರು. ನಾನೇ ಅಂದೆ. ಅವರು ಒಳ್ಳೆಯ ಮನುಷ್ಯರು, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಮರ್ಯಾದೆಗೆ ನಕ್ಕರು.

"ಆತು ಬಿಡಕ್ಕಾ, ಅವ್ರು ಬರೋ ತನಕ ಕುತ್ಕಂಡಿರ್ತೀನಿ" ಅಂದು ಬೆಂಚಿನ ಮೇಲೆ ಕೂತರು.

ಕೂತಿರಲಿ ಅಂತ ನಾನು ಕೆಲಸ ಶುರು ಮಾಡಿದೆ. ತಿರುಗದ ಮಿಷನ್ ಬಂದಾಗ ಮೊದಲು ನೋಡಬೇಕಾದದ್ದು, ಎಂಜಿನ್ ತಾನೇ ಹಿಡಿದುಕೊಂಡಿದೆಯೋ ಅಥವಾ ಅದಕ್ಕೆ ಕಟ್ಟಿದ ಸಾಮಾನು ಅದನ್ನು ಹಿಡಿದುಕೊಂಡಿದೆಯೋ ಅನ್ನುವುದನ್ನು. ಉದ್ದನೆಯ ಪೈಪನ್ನು ಬಿಚ್ಚಿ ಬೇರೆ ಮಾಡಿ ಹಗ್ಗ ಎಳೆದೆ. ಎಂಜಿನ್ ಸಲೀಸಾಗಿ ತಿರುಗಿತು. ಅಂದರೆ ತೊಂದರೆ ಇರುವುದು ಕೆಳಗೆ, ಬ್ಲೇಡಿನ ಹತ್ತಿರ. ಅಲ್ಲಿ ಮೆತ್ತಿಕೊಂಡಿದ್ದ ಹುಲ್ಲು ಕೆರೆದಾಗ ಜರಿ ಹೊಳೆಯಿತು.

ಎಳೆದೆ. ಒಂದು ಮೊಳ ಬಂತು. ಮತ್ತೆ ಎಳೆದೆ, ಸೆರಗು ಬಂತು. ನಮ್ಮ ಕಡೆ ಹಂದಿ ಬರದಿರಲಿ ಅಂತ ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ಮಾಮೂಲು. ಆದರೆ ಇದು ಹಳೆಯದಲ್ಲ, ಒಳ್ಳೆಯ ರೇಷ್ಮೆ ಸೀರೆ. ಬೆಂಚಿನ ಮೇಲಿದ್ದವರು ಎದ್ದು ಬಂದು ನೋಡಿದರು, ಮುಖದಲ್ಲಿ ರಕ್ತವಿರಲಿಲ್ಲ. ಟ್ರಂಕಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಳೆಯದು ಅಂದುಕೊಂಡು ಬೇಲಿಗೆ ಕಟ್ಟಿದ್ದರಂತೆ. ಅದು ಹೆಂಡತಿಗೆ ತವರಿನವರು ಸೀಮಂತದಲ್ಲಿ ಉಡಿಸಿದ ಸೀರೆ. ಮನೆಯಲ್ಲಿ ಅದಕ್ಕಾಗಿ ಹುಡುಕಾಟ ನಡೆದು, ಅನುಮಾನವೆಲ್ಲ ನಾದಿನಿಯ ಮೇಲೆ ಹೋಗಿತ್ತಂತೆ.

ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಹೆಂಡತಿಯದೇ. ಮಿಷನ್ನಿಗೆ ಏನಾಗಿತ್ತಂತೆ ಅಂತ ಕೇಳುತ್ತಿದ್ದದ್ದು ನನಗೂ ಕೇಳಿಸಿತು. ಅವರು ಬೆವರು ಒರೆಸಿಕೊಂಡು ಫೋನನ್ನು ನನ್ನ ಕಡೆ ಚಾಚಿದರು.

"ಇಲ್ಲೇ ಮೇಸ್ತ್ರಿ ಇದಾರೆ, ಅವ್ರನ್ನೇ ಕೇಳು."

ನನ್ನನ್ನು ಮೇಸ್ತ್ರಿ ಅಂತ ಒಪ್ಪಿಕೊಂಡ ಮೊದಲ ಗಿರಾಕಿ ಅವರು. ಒಪ್ಪಿಸಿದ್ದು ನನ್ನ ವಿದ್ಯೆಯಲ್ಲ, ಅವರ ಹೆಂಡತಿ.

ಹೋದ ವರ್ಷದ ಹೂವು

ಆಯುಧಪೂಜೆ ಕಳೆದ ಎರಡೇ ದಿನಕ್ಕೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಿಂದ ಒಂದು ಇಡೀ ಸಂಸಾರ ಬಂತು. ಅಜ್ಜಿ, ಮಗ, ಸೊಸೆ, ಮಧ್ಯೆ ಒಂದು ಕಳೆ ತೆಗೆಯುವ ಸಣ್ಣ ಟಿಲ್ಲರ್. ನ್ಯಾಮತಿಯವರ ಯಾವುದೋ ನೆಂಟರು ನನ್ನ ಅಂಗಡಿ ಹೇಳಿದ್ದರಂತೆ. ಇಷ್ಟು ದೂರ ಹುಡುಕಿಕೊಂಡು ಬಂದಿದ್ದಾರಲ್ಲ ಅಂತ ನನಗೆ ಒಳಗೊಳಗೇ ಹಿಗ್ಗು. ಜಗಲಿಯ ಮೇಲಿದ್ದ ಮಾವ ಕನ್ನಡಕ ಸರಿಮಾಡಿಕೊಂಡರು.

ಪೂಜೆಯ ದಿನ ಚೆನ್ನಾಗಿಯೇ ಇತ್ತು, ಹಾರ ಹಾಕಿ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಒಂದು ಸುತ್ತು ಹೊಡೆಸಿದ ಮೇಲೆ ನಿಂತಿದ್ದು ನಿಂತೇಬಿಟ್ಟಿತು ಅಂದರು ಮಗ. ಹಾರ ತೆಗೆಯದೆಯೇ ಸುತ್ತು ಹೊಡೆಸಿದಿರಾ ಅಂತ ಕೇಳಿದೆ. ಇದೆಂಥ ಪ್ರಶ್ನೆ ಅನ್ನುವಂತೆ ಮೂವರೂ ನನ್ನ ಮುಖ ನೋಡಿದರು.

ಹಗ್ಗ ಸುತ್ತುವ ಮುಚ್ಚಳ ತೆಗೆದೆ. ಒಳಗೆ ಗಾಳಿ ಬೀಸುವ ಫ್ಯಾನು ಕಾಣಲೇ ಇಲ್ಲ, ಬರೀ ಚೆಂಡು ಹೂವು. ಹಾರದ ದಾರ ಫ್ಯಾನಿನ ಬುಡಕ್ಕೆ ಬಿಗಿಯಾಗಿ ಸುತ್ತಿಕೊಂಡು ಎಂಜಿನ್ನನ್ನು ಕಟ್ಟಿಹಾಕಿತ್ತು. ಹೂವು ತೆಗೆದು ಕಸದ ಬುಟ್ಟಿಗೆ ಹಾಕಲು ಹೋದರೆ ಅಜ್ಜಿ ಕೈ ಹಿಡಿದುಕೊಂಡರು. ದೇವರ ಹೂವು ಕಸಕ್ಕೆ ಹಾಕಬಾರದು, ಹೊಳೆಗೆ ಬಿಡುತ್ತೇವೆ ಅಂತ ಸೆರಗು ಒಡ್ಡಿದರು. ತಾಜಾ ಹೂವು ಮುಗಿದ ಮೇಲೆ ಕೆಳಗೆ ಒಣಗಿ ಪುಡಿಯಾದ ಇನ್ನೊಂದು ಪದರ ಸಿಕ್ಕಿತು. ಅದು ಹೋದ ವರ್ಷದ್ದು ಅಂದರು ಅಜ್ಜಿ, ಗುರುತಿನವರನ್ನು ಕಂಡಷ್ಟು ಸಂತೋಷದಿಂದ.

ದಾರ ಕತ್ತರಿಸಿ, ಒಳಗೆಲ್ಲ ಗಾಳಿ ಹೊಡೆದು, ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ ತೋರಿಸಿದೆ. ಇನ್ನು ಮುಂದೆ ಹಾರವನ್ನು ಹಿಡಿಕೆಗೆ ಮಾತ್ರ ಹಾಕಿ ಅಂತ ಬುದ್ಧಿ ಹೇಳಿದೆ.

"ಅದೂ ಬ್ಯಾಡ ಬಿಡವ್ವ" ಅಂದರು ಅಜ್ಜಿ. "ಬರೋ ವರ್ಷ ಮಿಷನ್‌ಗೆ ಕುಂಕುಮ ಅಷ್ಟೆ. ಹಾರ ನಿನಗೇ ತಂದು ಹಾಕ್ತೀವಿ."

ಜಗಲಿಯ ಮೇಲಿಂದ ಮಾವ ಕೆಮ್ಮಿದರು. "ಬರೋ ವರ್ಷ ಅಂಗಡಿ ಇದ್ರಲ್ವಾ."

ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನನ್ನು ಕೇಳಿದರು: "ಇವ್ರು ಯಾರವ್ವ, ನಿನ್ನ ಕೈಕೆಳಗೆ ಕೆಲಸ ಮಾಡೋರಾ?"

ಬರೀ ನೋಡಿದ್ದು

ತವರಿನಿಂದ ಅಣ್ಣ ಫೋನ್ ಮಾಡಿದ. ಔಷಧಿ ಹೊಡೆಯುವ ಪೆಟ್ರೋಲ್ ಮಿಷನ್ ಜಾಮ್ ಆಗೈತೆ, ಹೊಲ ಕಾಯುತ್ತಿದೆ, ಬಿಳಿಚೋಡಿನಿಂದ ಅಷ್ಟು ದೂರ ತರಾಕೆ ಆಗಲ್ಲ, ಫೋನಿನಲ್ಲೇ ನೋಡು ಅಂದ. ವಿಡಿಯೋ ಕಾಲ್ ಹಾಕಿಸಿದೆ. ಪರದೆಯ ತುಂಬ ಎಂಟು ತಲೆಗಳು ಕಂಡವು, ಮಿಷನ್ ಒಂದು ಬಿಟ್ಟು.

ಪ್ಲಗ್ ಬಿಚ್ಚಿ ತಿರುಗಿಸು ಅಂದೆ. ಆಗಲೂ ತಿರುಗಲಿಲ್ಲ, ಕರ್ರ್ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂತು. ನನಗೆ ಅನುಮಾನ ಬಂದು, ಮೊದಲು ಯಾರಾದರೂ ಬಿಚ್ಚಿದ್ದಿರಾ ಅಂತ ಕೇಳಿದೆ. ಎಂಟೂ ತಲೆಗಳು ಒಟ್ಟಿಗೆ ಅಡ್ಡಡ್ಡ ಆಡಿದವು.

"ಬಿಚ್ಚಿಲ್ಲವ್ವ" ಅಂದ ಅಣ್ಣ. "ಬರೀ ನೋಡಿದ್ವಿ."

"ಬರೀ ನೋಡಿದಾಗ ಎಷ್ಟು ಸ್ಕ್ರೂ ಮಿಕ್ಕವು?"

ಅಣ್ಣ ಜೇಬಿಗೆ ಕೈ ಹಾಕಿ ಅಂಗೈ ತೋರಿಸಿದ. "ಎಲ್ಡು" ಅಂದ.

ಫೋನನ್ನು ಮಿಷನ್ ಹತ್ತಿರ ಹಿಡಿಸಿ ನೋಡಿದರೆ, ಗಿಡ್ಡ ಸ್ಕ್ರೂ ಇರಬೇಕಾದ ತೂತಿಗೆ ಉದ್ದದ್ದನ್ನು ಹಾಕಿದ್ದರು. ಅದರ ಮೂತಿ ಒಳಗಿನ ಚಕ್ರಕ್ಕೆ ಒತ್ತಿಕೊಂಡಿತ್ತು. ಅದನ್ನು ತೆಗೆಸಿ ಅದರ ಜಾಗಕ್ಕೆ ಹಾಕಿಸಿ, ಇಲ್ಲಿಗೆ ಮಿಕ್ಕಿದ್ದ ಗಿಡ್ಡದ್ದನ್ನು ಹಾಕಿಸಿದೆ, ಮಿಷನ್ ಶುರುವಾಯಿತು. ಇನ್ನೊಂದು ಸ್ಕ್ರೂ ಎಲ್ಲಿಯದು ಅಂತ ಕೇಳಿದರೆ, ಅದು ಹೋದ ತಿಂಗಳು ಮಿಕ್ಸಿ ಬರೀ ನೋಡಿದಾಗಿನದು ಅಂದಳು ಅತ್ತಿಗೆ.

ದೀಪಾವಳಿಗೆ ಮುಂಚೆ

ಇಷ್ಟಾದರೂ ಮಾವ ಗಡುವು ಎತ್ತಿರಲಿಲ್ಲ. ಬಂದವರೆಲ್ಲ ದಾರಿ ತಪ್ಪಿ ಬಂದವರು ಅನ್ನುವುದು ಅವರ ವಾದ. ದೀಪಾವಳಿಗೆ ಇನ್ನು ಒಂದು ವಾರ. ಮೊಬೈಲ್ ಅಂಗಡಿಯವನು ಎರಡು ಸಲ ಬಂದು ಬಾಗಿಲ ಅಳತೆ ತೆಗೆದುಕೊಂಡು ಹೋಗಿದ್ದ. ಅವನು ಟೇಪು ಹಿಡಿದಾಗ ನಾನು ಒರೆಸಿಟ್ಟ ಪಾನಾಗಳನ್ನೇ ಮತ್ತೆ ಒರೆಸುತ್ತಿದ್ದೆ, ನಿಜ ಹೇಳುತ್ತೇನೆ.

ಆ ವಾರವೇ ಮಾವನ ಸ್ವಂತ ಪಂಪು ಕೈಕೊಟ್ಟಿತು. ಕಾಲುವೆಯಿಂದ ತರಕಾರಿ ಮಡಿಗಳಿಗೆ ನೀರೆತ್ತುವ ಪೆಟ್ರೋಲ್ ಪಂಪು. ಅದನ್ನು ನನ್ನ ಕೈಗೆ ಕೊಟ್ಟರೆ ಸೋತಂತೆ. ಹಾಗಾಗಿ ಬೆಳಗ್ಗೆಯೇ ಪಂಪಿನ ಮೇಲೆ ಗೋಣಿಚೀಲ ಮುಚ್ಚಿ, ಗೂಡ್ಸ್ ಆಟೋದಲ್ಲಿಟ್ಟುಕೊಂಡು, ನೆಂಟರನ್ನು ನೋಡಿ ಬರುತ್ತೇನೆ ಅಂತ ನ್ಯಾಮತಿಗೆ ಹೋದರು. ಅಲ್ಲಿ ನಡೆದದ್ದನ್ನು ಆಟೋದವನು ಆಮೇಲೆ ಬೀದಿಗೆಲ್ಲ ಹೇಳಿದ.

ನ್ಯಾಮತಿಯ ಮೆಕ್ಯಾನಿಕ್ ಹಗ್ಗ ಎಳೆದು ನೋಡಿ, ಹಿಂಗೆ ಜಾಮ್ ಆಗಿರೋದನ್ನ ನಾನು ಮುಟ್ಟಲ್ಲ, ಹೊನ್ನಾಳಿಯಲ್ಲಿ ಒಬ್ಬ ಅಕ್ಕ ಇದಾರೆ, ಅವರ ಹತ್ತಿರ ಕಳಿಸ್ತೀನಿ ಅಂದನಂತೆ. ಹೆಂಗಸರ ಕೈಲಿ ಆಗುತ್ತೇನಪ್ಪ ಅಂತ ಮಾವ ಕೇಳಿದರಂತೆ.

"ಅಜ್ಜಾ, ನಿಮಗೆ ಪಂಪ್ ರಿಪೇರಿ ಆಗಬೇಕೋ, ಗಂಡಸು ಬೇಕೋ?" ಅಂದನಂತೆ ಅವನು.

ಮಧ್ಯಾಹ್ನ ಆಟೋ ನಮ್ಮ ಅಂಗಡಿಯ ಮುಂದೆಯೇ ನಿಂತಿತು. ಮಾವ ಇಳಿದರು. ಮನೆಯ ಬಾಗಿಲಿಂದ ಬರಲಿಲ್ಲ, ಅಂಗಡಿಯ ಕಡೆಯಿಂದಲೇ ಬಂದು ಹೊಸಿಲ ಹೊರಗೆ ನಿಂತು, ಎಲ್ಲೋ ನೋಡುತ್ತಾ ಕೇಳಿದರು: "ಮೇಸ್ತ್ರಿ ಇದಾರೇನಮ್ಮ?"

ನಾನು ಬೆಂಚಿನ ಮೇಲಿದ್ದ ಸಾಮಾನು ಸರಿಸಿದೆ. "ಇದಾರೆ, ಬರ್ರಿ, ಕುತ್ಕಳ್ರಿ" ಅಂದೆ.

ಪಂಪಿನ ಭಾಗ ಬೇರೆ ಮಾಡಿ ನೋಡಿದೆ, ಎಂಜಿನ್ನೇ ಹಿಡಿದುಕೊಂಡಿತ್ತು. ಪಾನಾ ಹಾಕಿ ಮೆಲ್ಲಗೆ ತಿರುಗಿಸಿದರೆ ಒಂದಿಷ್ಟು ಬಂದು ಗಕ್ಕನೆ ನಿಲ್ಲುತ್ತದೆ. ಹಿಂದಕ್ಕೆ ತಿರುಗಿಸಿದರೆ ಸಲೀಸಾಗಿ ಬಂದು, ಮತ್ತೆ ಅಲ್ಲೇ ಹೋಗಿ ನಿಲ್ಲುತ್ತದೆ. ತುಕ್ಕು ಹಿಡಿದರೆ ಹೀಗಾಗುವುದಿಲ್ಲ. ಪಿಸ್ಟನ್ ಮೇಲಕ್ಕೆ ಹೋಗದಂತೆ ಒಳಗೆ ಏನೋ ತುಂಬಿಕೊಂಡಿದೆ. ಏನಾದರೂ ಹಾಕಿದ್ದಿರಾ ಅಂತ ಕೇಳಿದೆ.

ಮಾವ ಧ್ವನಿ ತಗ್ಗಿಸಿದರು. ಮೊನ್ನೆ ಸ್ಟಾರ್ಟ್ ಆಗಲಿಲ್ಲ, ತುಕ್ಕು ಇರಬಹುದು ಅಂತ ಪ್ಲಗ್ ತೂತಿಗೆ ಒಂದು ಲೋಟ ಎಂಜಿನ್ ಆಯಿಲ್ ಬಿಟ್ಟಿದ್ದರಂತೆ. ಅಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆ ಬಂದರು. ಇವರು ಒದ್ದಾಡುವುದನ್ನು ನೋಡಲಾರದೆ, ಯಾರಿಗೂ ಹೇಳದೆ, ಅದೇ ತೂತಿಗೆ ಹರಳೆಣ್ಣೆ ಬಿಟ್ಟಿದ್ದರಂತೆ. ಊಟಕ್ಕೆ ಬಂದಿದ್ದ ನನ್ನ ಗಂಡ ತಲೆ ಕೆರೆದುಕೊಂಡರು. ಅಪ್ಪ ಪಂಪನ್ನು ನಿನ್ನ ಕೈಗೆ ಕೊಡುವುದಿಲ್ಲವಲ್ಲ ಅಂತ ನಾನೂ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿದ್ದೆ ಅಂದರು. ಪ್ಲಗ್ ಹಳೆಯದಾಗಿದ್ದು ಬಿಟ್ಟರೆ ಎಂಜಿನ್ನಿಗೆ ರೋಗವೇ ಇರಲಿಲ್ಲ. ಮನೆಮಂದಿಯ ಪ್ರೀತಿ ಹೆಚ್ಚಾಗಿ ಉಸಿರು ಕಟ್ಟಿತ್ತು.

ಪ್ಲಗ್ ಬಿಚ್ಚಿದೆ. ಎಲ್ಲರೂ ದೂರ ನಿಲ್ಲಿ, ಈಗ ಹಗ್ಗ ಎಳೆದರೆ ಒಳಗಿದ್ದದ್ದೆಲ್ಲ ಆಚೆ ಬರುತ್ತೆ ಅಂದೆ. ಎಲ್ಲರೂ ಹಿಂದೆ ಸರಿದರು. ಮಾವ ಮಾತ್ರ ನಾನು ಹಗ್ಗ ಎಳೆಯುವ ಹೊತ್ತಿಗೆ ಸರಿಯಾಗಿ, ಏನು ಬರುತ್ತೆ ನೋಡೋಣ ಅಂತ ತೂತಿನ ಮೇಲೆ ಬಗ್ಗಿದರು.

ಬಂತು. ಮೂರೂ ಎಣ್ಣೆ ಒಟ್ಟಿಗೆ ಬಂತು. ತಲೆಯಿಂದ ಎದೆಯವರೆಗೆ ಮಾವ ಮಿರಮಿರ ಮಿಂಚತೊಡಗಿದರು. ಅತ್ತೆ ಹತ್ತಿರ ಹೋಗಿ, ಗಲ್ಲದ ಮೇಲಿದ್ದದ್ದನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿ, ಹರಳೆಣ್ಣೆ ನಂದೇ, ಹಬ್ಬದ ಎಣ್ಣೆನೀರು ಇವತ್ತೇ ಆಗೋಯ್ತು, ನೀರು ಕಾಯಿಸ್ತೀನಿ ಬರ್ರಿ ಅಂದರು.

ಇನ್ನೂ ನಾಲ್ಕು ಸಲ ಎಳೆದು, ಒರೆಸಿ, ಹೊಸ ಪ್ಲಗ್ ಹಾಕಿದೆ. ಪಂಪು ಬೀದಿ ತುಂಬ ಬಿಳಿ ಹೊಗೆ ಬಿಟ್ಟು ಶುರುವಾಯಿತು. ಕೊಬ್ಬರಿ ಎಣ್ಣೆಯ ವಾಸನೆಗೆ ಪಕ್ಕದ ಮನೆಯವರು ಬಂದು, ಹಬ್ಬಕ್ಕೆ ಈಗಲೇ ಏನು ಕರೀತಿದೀರಿ ಅಂತ ಕೇಳಿದರು.

ಮಾವ ಬಂದು ಅಂಗಡಿಯ ಬೆಂಚಿನ ಮೇಲೆ ಕೂತರು. ಎಣ್ಣೆ ತೊಟ್ಟಿಕ್ಕುತ್ತಿದ್ದಂತೆಯೇ ಫೋನ್ ತೆಗೆದು, ಎರಡು ಬೆರಳಲ್ಲಿ ಹಿಡಿದುಕೊಂಡು, ಮೊಬೈಲ್ ಅಂಗಡಿಯವನಿಗೆ ಹಚ್ಚಿದರು.

"ಜಾಗ ಖಾಲಿ ಇಲ್ಲಪ್ಪ, ಬ್ಯಾರೆ ಕಡೆ ನೋಡ್ಕ. ಇಲ್ಲಿ ಮೇಸ್ತ್ರಿ ಇದಾರೆ."

ಆ ಕಡೆಯಿಂದ ಅವನು ಏನೋ ಕೇಳಿದ. ಮೇಸ್ತ್ರಿ ಕೆಲಸ ಹೆಂಗೆ ಅಂತ ಇರಬೇಕು. ಮಾವ ನನ್ನ ಕಡೆ ತಿರುಗಿ, ಹುಬ್ಬಿನ ಮೇಲಿನ ಎಣ್ಣೆ ಒರೆಸಿಕೊಂಡರು.

"ಕೈ ಚಲೋ ಐತೆ" ಅಂದರು. "ದೂರ ನಿಲ್ರಿ ಅಂದಾಗ ಮಾತ್ರ ದೂರ ನಿಂತ್ಕಬೇಕು."