ಮನೆಗೊಂದು ಓಟು

ನಮ್ಮೂರಿನ ಹೊಳೆಗೆ ಸೇತುವೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಸರಕಾರವನ್ನು ಬೈಯುವವರಿದ್ದಾರೆ, ಎಂಜಿನಿಯರನ್ನು ಬೈಯುವವರಿದ್ದಾರೆ. ಪಾಪ, ಅವರೆಲ್ಲ ನಿರಪರಾಧಿಗಳು! ಸೇತುವೆಯನ್ನು ತಡೆದವನು ನನ್ನ ಸೋದರಮಾವ. ಅದೂ ಒಂದು ಲೋಟ ಕಾಫಿಯ ಸಲುವಾಗಿ. ಹಿರಿಯರಿಗೆ ಬಹುವಚನ ಸಲ್ಲಬೇಕು ಎಂಬುದು ನನಗೂ ಗೊತ್ತು. ಸಲ್ಲಿಸುವುದಿಲ್ಲ. ಇಷ್ಟು ವರ್ಷವಾದರೂ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು, ವಿಧಾನಸಭೆಗೆ ಚುನಾವಣೆ ಬಂತು. ನಾನು ಆಗ ಮಾದಾಪುರದ ಕಡೆ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಮಗಳು ನಾಲ್ಕನೇ ಕ್ಲಾಸು. ಐದಕ್ಕೆ ಹೊಳೆಯಾಚೆಯ ಶಾಲೆಗೆ ಹೋಗಬೇಕು. ಮಳೆ ಹಿಡಿದರೆ ಹೊಳೆ ದಾಟುವಂತಿಲ್ಲ. ಹಾಗಾಗಿ ನಮ್ಮ ದಡದ ಮಕ್ಕಳ ವಿದ್ಯೆಯೆಲ್ಲ ನಾಲ್ಕಕ್ಕೇ ಮುಗಿಯುತ್ತಿತ್ತು. ನನ್ನ ಮಗಳದ್ದೂ ಮುಗಿಯುವುದರಲ್ಲಿತ್ತು. ಕಣದಲ್ಲಿದ್ದ ಇಬ್ಬರಲ್ಲಿ ಒಬ್ಬರು ವಕೀಲರು, ಗೆದ್ದರೆ ಮೊದಲ ಕೆಲಸ ನಿಮ್ಮ ಸೇತುವೆ ಎಂದು ಮಾತು ಕೊಟ್ಟರು. ಇನ್ನೊಬ್ಬರು ಪ್ಲಾಂಟರು. ಅವರಿಗೆ ನಮ್ಮ ಹೊಳೆ ಇದೆಯೆಂಬುದೇ ಗೊತ್ತಿರಲಿಲ್ಲ. ಇಬ್ಬರ ಬಲವೂ ಸರಿಸಮ. ನಾನು ವಕೀಲರಿಗಾಗಿ ಹಗಲೆಲ್ಲ ಊರು ಸುತ್ತಿದೆ.

ವಕೀಲರು ಒಂದೇ ಒಂದು ತಪ್ಪು ಮಾಡಿದರು. ನಮ್ಮಲ್ಲಿ ಮದುವೆಗೆ ಕರೆಯಲಿ, ಓಟು ಕೇಳಲಿ, ಜಗಲಿ ಹತ್ತಿ, ಕೂತು, ಕಾಫಿ ಕುಡಿದು ಆಮೇಲೆ ವಿಷಯಕ್ಕೆ ಬರಬೇಕು. ವಕೀಲರು ಮಾವನ ಮನೆಯ ಮುಂದೆ ಜೀಪು ಆಫ್ ಮಾಡಲಿಲ್ಲ. ಕೂತಲ್ಲಿಂದಲೇ ಕೈಮುಗಿದು, "ಮರೀಬೇಡಿ" ಎಂದು ಹೋಗಿಬಿಟ್ಟರು. ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದಿದ್ದ ಮಾವನಿಗೆ ಸಿಕ್ಕಿದ್ದು ಜೀಪಿನ ಧೂಳು. ಕಂಡಕ್ಟರ್ ಚಿಲ್ಲರೆ ಕೇಳಿದ ಧಾಟಿ ಸರಿಯಿಲ್ಲವೆಂದು ಎರಡು ವರ್ಷ ಬಸ್ಸನ್ನೇ ಹತ್ತದ ಮನುಷ್ಯ ಇವನು. ಬಿಡುತ್ತಾನೆಯೇ? ಮಾರನೆಯ ದಿನವೇ ಮಡಿಕೇರಿಗೆ ಹೋಗಿ ಪಕ್ಷೇತರನಾಗಿ ನಾಮಪತ್ರ ಹಾಕಿ ಬಂದ.

ನಾನು ಓಡಿದೆ. "ಮಾವ, ಅಸೆಂಬ್ಲಿ ಎಲ್ಲಿದೆ ಅಂತ ಆದ್ರೂ ಗೊತ್ತಾ ನಿಂಗೆ?"

"ಮೊದ್ಲು ಮಡಿಕೇರೀಲಿತ್ತು. ಬೆಳಿಗ್ಗೆ ಹೋಗಿ ಬೈದು ಸಂಜೆ ಬರಬಹುದಿತ್ತು. ಈಗ ಬೈಯೋಕೂ ಬೆಂಗಳೂರಿಗೆ ಹೋಗ್ಬೇಕು. ಅದನ್ನೂ ಕೇಳ್ತೀನಿ ನಾನು."

ಅವನಿಗೆ ಸಿಕ್ಕಿದ ಗುರುತು ಏಣಿ. ಬೇರೆಯವರು ಗುರುತಿನ ಚಿತ್ರ ಹಂಚಿದರು. ಇವನು ಮೆಣಸು ಕೊಯ್ಯುವ ಬಿದಿರಿನ ಏಣಿಯನ್ನೇ ಹೆಗಲ ಮೇಲಿಟ್ಟುಕೊಂಡು ಹೊರಟ! ಹೋದ ಮನೆಯಲ್ಲೆಲ್ಲ ಅದನ್ನು ಗೋಡೆಗೊರಗಿಸಿ ಜಗಲಿ ಹತ್ತಿ ಕೂರುವುದು, ಕಾಫಿ ಕುಡಿಯುವುದು, ಮನೆಯವರ ಮೊಣಕಾಲುನೋವು, ಹಸುವಿನ ಗಬ್ಬ ಎಲ್ಲ ವಿಚಾರಿಸುವುದು, ಕೊನೆಗೆ, "ಹಾಗೆ ಒಂದು ಓಟು" ಎನ್ನುವುದು. ಒಂದು ಮನೆಯಲ್ಲಿ ಅಜ್ಜಿ, ಬಂದದ್ದು ಬಂದೆ, ಅಟ್ಟದ ಮೇಲಿನ ಕುಂಬಳಕಾಯಿ ಇಳಿಸಿಕೊಡು ಎಂದರು. ಇಳಿಸಿಕೊಟ್ಟ. ಇನ್ನೊಂದು ಮನೆಯಲ್ಲಿ ಹೆಂಚು ಸರಿಮಾಡಿದ. ಹೀಗೆ ದಿನಕ್ಕೆ ಮೂರು ಮನೆಗಿಂತ ಹೆಚ್ಚು ಮುಗಿಯುತ್ತಿರಲಿಲ್ಲ. ಅವನ ಪ್ರಚಾರ ನಮ್ಮ ಊರು ದಾಟಲೇ ಇಲ್ಲ. ನನಗೆ ಸ್ವಲ್ಪ ಸಮಾಧಾನವಾಯಿತು. ಮೂರ್ಖ ನಾನು!

ಆದರೂ ಯಾಕೆ ಬೇಕು ಎಂದು ವಕೀಲರನ್ನು ಕೈಹಿಡಿದು ಕರೆತಂದು ಮಾವನ ಜಗಲಿಯ ಮೇಲೆ ಕೂರಿಸಿದೆ. ಪಾಪ, ಅವರು ಎರಡು ಲೋಟ ಕಾಫಿ ಕುಡಿದು ಕ್ಷಮೆ ಕೇಳಿದರು. ಮಾವ ಕರಗಿಹೋದ. "ಒಳ್ಳೆ ಮನುಷ್ಯ ನೀವು. ಗೆಲ್ಬೇಕು ನೀವು" ಎಂದ.

"ಹಾಗಾದ್ರೆ ಓಟು ನಂಗೆ ಬೇಡ, ಇವರಿಗೇ ಹಾಕಿ ಅಂತ ಎಲ್ರಿಗೂ ಹೇಳ್ಬಿಡು ಮಾವ" ಎಂದೆ.

"ಅದು ಹೇಗಾಗ್ತದೆ? ಮನೆ ಮನೆಗೆ ಹೋಗಿ ಕರೆದು ಬಂದ ಮೇಲೆ, ಬರಬೇಡಿ ಅಂತ ಯಾರಾದ್ರೂ ಹೇಳ್ತಾರಾ? ನಮ್ಮ ಮನೇಲಿ ಆ ಮರ್ಯಾದೆಗೇಡಿ ಕೆಲಸ ಯಾರೂ ಮಾಡಿಲ್ಲ."

ಆಗೆಲ್ಲ ಅಭ್ಯರ್ಥಿಗೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಎಣಿಕೆಯ ದಿನ ಮಡಿಕೇರಿಯಲ್ಲಿ ಫಲಿತಾಂಶ ಕೂಗಿದಾಗ ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. ವಕೀಲರು ಸೋತದ್ದು ಹನ್ನೊಂದು ಓಟಿಗೆ. ಮಾವನಿಗೆ ಬಿದ್ದದ್ದು ಮೂವತ್ತೆಂಟು, ಅಷ್ಟೂ ನಮ್ಮೂರಿನ ಪೆಟ್ಟಿಗೆಯಿಂದ!

ರಕ್ತ ಕುದಿಯಿತು. ಊರಿಗೆ ಬಂದವನೇ ಅಂಗಡಿಯ ಕಾಕನನ್ನು ಹಿಡಿದುಕೊಂಡೆ.

"ನಾನು ಒಂದೇ ಹಾಕಿದ್ದು ರೈಟ್ರೇ" ಎಂದ. "ಮನೇಲಿ ಉಳಿದ ನಾಲ್ಕೂ ವಕೀಲರಿಗೇ. ನಿಮ್ಮ ಮಾವ ಮನೆ ತನಕ ಬಂದು ಕೇಳಿದಾರೆ, ಒಂದೂ ಬೀಳದಿದ್ರೆ ಅವರಿಗೆ ಬೇಜಾರಾಗೂದಿಲ್ವಾ?"

ಮುಂದಿನ ಮನೆಯಲ್ಲೂ ಇದೇ ಮಾತು. ಅದರಾಚೆಯ ಮನೆಯಲ್ಲೂ ಇದೇ. ಸಾವಿಗಾಗಲಿ, ನಾಟಿಗಾಗಲಿ ಮನೆಗೊಂದಾಳು ಹೋಗುವುದು ನಮ್ಮ ವಾಡಿಕೆ. ಅದೇ ಲೆಕ್ಕದಲ್ಲಿ ಊರಿಗೆ ಊರೇ, ಒಬ್ಬರಿಗೊಬ್ಬರು ಹೇಳದೆ, ಮಾವನಿಗೆ ಮನೆಗೊಂದು ಓಟು ಕಳಿಸಿತ್ತು. ಎಲ್ಲರೂ ತಾವೊಬ್ಬರೇ ಎಂದುಕೊಂಡಿದ್ದರು! ಇಂಥ ಸೌಜನ್ಯಕ್ಕೆ ಬೆಂಕಿ ಬೀಳಲಿ ಎನ್ನುತ್ತ ಮನೆಗೆ ಬಂದರೆ ನನ್ನ ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡೇ, "ನಮ್ಮ ಮನೇದು ನಾನು ಹಾಕ್ದೆ" ಎಂದಳು.

ಮಾವನ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಕೇಳುವಷ್ಟು ಕೇಳಿ, "ನಾನು ವಕೀಲರಿಗೇ ಹಾಕಿದ್ದು ಕಣೋ" ಎಂದ. "ಪಂಕ್ತೀಲಿ ಕೂತು ಯಾರಾದ್ರೂ ತನ್ನ ಎಲೆಗೆ ತಾನೇ ಬಡಿಸ್ಕೊಳ್ತಾರಾ?"

ಅವತ್ತೇ ಮಾತು ಬಿಟ್ಟೆ. ದಾರಿಯಲ್ಲಿ ಎದುರಾದರೆ ಕಾಫಿ ಗಿಡಗಳ ನಡುವೆ ನುಗ್ಗಿ ಹೋಗುತ್ತಿದ್ದೆ. ಗೆದ್ದವರು ಬೇರೆಲ್ಲೋ ರಸ್ತೆ ಮಾಡಿಸಿದರು. ಜೂನ್ ಬಂತು, ಮಳೆ ಬಂತು. ಐದನೇ ಕ್ಲಾಸಿನ ಹೊಸ ಪುಸ್ತಕಗಳನ್ನು ಮಗಳು ಪೆಟ್ಟಿಗೆಯಿಂದ ತೆಗೆದು ನೋಡಿ, ಮತ್ತೆ ಒಳಗಿಡುವಳು. ಅದನ್ನು ಕಂಡಾಗಲೆಲ್ಲ ಮಾವನಿಗೆ ಶಾಪ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಳದಲ್ಲಿ ಅವನ ದನಿ ಕೇಳಿತು. "ಮಗೂನ ಕಳಿಸು." ಹೆಂಡತಿ ಕಳಿಸಿಯೇ ಬಿಟ್ಟಳು. ನಾನು ಸಿಟ್ಟಿನಲ್ಲಿ ಹಿಂದೆಯೇ ಹೋದೆ. ಹೊಳೆಗೆ ಅಡ್ಡಲಾಗಿ, ಈ ದಡದ ಮರದಿಂದ ಆ ದಡದ ಮರಕ್ಕೆ ಹಗ್ಗ ಬಿಗಿದಿದ್ದ. ಸೊಂಟದವರೆಗೆ ಕೆಸರುನೀರು. ಅರವತ್ತು ದಾಟಿದ ಮುದುಕ ಊರಿನ ಏಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದ. ಏಳನೆಯವಳು ನನ್ನ ಮಗಳು. ಅವಳನ್ನೆತ್ತಿಕೊಳ್ಳುವಾಗ ಅವನ ಕಾಲು ನಡುಗುತ್ತಿದ್ದುದು ನನಗೆ ಕಂಡಿತು.

ಮೂರು ತಿಂಗಳ ಮೇಲೆ ಬಾಯಿ ಬಿಟ್ಟೆ. "ನಿಂಗೆ ಯಾಕೆ ಬೇಕು ಮಾವ ಇದೆಲ್ಲ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಷ್ಟು ಜನ ನಂಬಿ ಓಟು ಕೊಟ್ಟಿದಾರಲ್ಲೋ" ಎಂದ. "ಅವರ ಕೆಲಸ ಮಾಡ್ಬೇಡ್ವಾ?"

ಅವು ನಂಬಿ ಕೊಟ್ಟ ಓಟಲ್ಲ, ಅಯ್ಯೋ ಪಾಪ ಎಂದು ಕೊಟ್ಟದ್ದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮಗಳು ಅವನ ತಲೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ತಬ್ಬಿಕೊಂಡಿದ್ದಳು.

"ನನ್ನ ಓಟೂ ನಿಂಗೇ ಹಾಕಿದ್ದು ಮಾವ" ಎಂದೆ.

"ಗೊತ್ತಿತ್ತು ಬಿಡು" ಎಂದು ಅವನು ನೀರಿಗಿಳಿದ.